ಗ್ರಾಮಸಭೆಯ ದಿನ ಬಂದ ಪುಕ್ಕಟೆ ಟ್ಯಾಂಕರ್

ನಮ್ಮ ಫ್ಲ್ಯಾಟು ಮುಂಬೈಯಲ್ಲಿದೆ ಎಂದು ಬಿಲ್ಡರ್ ಹೇಳಿದ್ದ. ಅದು ಪೂರ್ತಿ ಸುಳ್ಳಲ್ಲ. ಇದ್ದ ಮುಂಬೈಯನ್ನು ಅವನು ಸ್ವಲ್ಪ ಎಳೆದಿದ್ದ, ಅಷ್ಟೇ. ಎಳೆಯುವ ವಿಷಯದಲ್ಲಿ ನಾನೂ ಕಡಿಮೆಯವಳಲ್ಲವಾದ್ದರಿಂದ ಅವನ ಕಲೆಯ ಬಗ್ಗೆ ನನಗೆ ಗೌರವವಿದೆ. ವಿಕ್ರೋಳಿಯಲ್ಲಿ ಲೋಕಲ್ ಹತ್ತಿದರೆ ಅರ್ಧ ದಾರಿ ಇನ್ನೊಬ್ಬರ ಕಂಕುಳಲ್ಲಿ ಕಳೆಯುತ್ತದೆ. ಆಮೇಲೆ ಎರಡನೇ ಕಾಲಿಗೂ ಜಾಗ ಸಿಗುತ್ತದೆ. ಆಮೇಲೆ ಸೀಟು. ಕೊನೆಗೆ ಇಡೀ ಡಬ್ಬಿಯಲ್ಲಿ ನೀವು ಮತ್ತು ನಿದ್ದೆ ಹೋದ ಒಬ್ಬ ಬಾಚಣಿಗೆ ಮಾರುವವನು ಮಾತ್ರ ಉಳಿದಾಗ ನಮ್ಮ ಸ್ಟೇಷನ್ ಬರುತ್ತದೆ. ಅಲ್ಲಿಂದ ಶೇರ್ ರಿಕ್ಷಾ. ರಿಕ್ಷಾ ಇಟ್ಟಿಗೆ ಭಟ್ಟಿ ದಾಟಿ, ಎಮ್ಮೆಗಳಿಗೆ ದಾರಿ ಬಿಟ್ಟು, ಒಂದು ದೇವಸ್ಥಾನ ಸುತ್ತಿಕೊಂಡು ನಿಂತರೆ, ಹುಲ್ಲಿನ ನಡುವೆ ಏಳು ಮಹಡಿಯ ನಮ್ಮ ಬಿಲ್ಡಿಂಗು, ಮದುವೆಗೆಂದು ಸೂಟು ಹಾಕಿಕೊಂಡು ತಪ್ಪಿ ಹೊಲಕ್ಕೆ ಬಂದವನ ಹಾಗೆ ನಿಂತಿರುತ್ತದೆ.

ಲಿಫ್ಟಿನಲ್ಲಿ ಕನ್ನಡಿ ಇದೆ. ಗೇಟಿನಲ್ಲಿ ವಾಚ್‌ಮನ್ ಇದ್ದಾನೆ. ಆದರೆ ನಮ್ಮನ್ನು ಆಳುವುದು ಗ್ರಾಮ ಪಂಚಾಯತಿ. ಮುಂಬೈಯ ಮಹಾನಗರ ಪಾಲಿಕೆ ಎಷ್ಟೋ ಸ್ಟೇಷನ್ ಹಿಂದೆಯೇ ಮುಗಿದುಹೋಗಿರುತ್ತದೆ. ಕಾಲೇಜಿನಲ್ಲಿ ಯಾರಾದರೂ ಎಲ್ಲಿರುತ್ತೀ ಎಂದು ಕೇಳಿದರೆ ನಾನು "ಔಟರ್ ಮುಂಬೈ" ಎನ್ನುತ್ತೇನೆ. ಔಟರ್ ಸ್ಪೇಸ್ ಇದ್ದ ಹಾಗೆ. ಅಲ್ಲೂ ನೀರಿಲ್ಲ, ಇಲ್ಲೂ ಇಲ್ಲ.

ನೀರಿನ ಕತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪಂಚಾಯತಿಯ ನೀರಿನ ಪೈಪು ಹಳ್ಳಿಯ ದೇವಸ್ಥಾನದ ತನಕ ಬಂದು ನಿಂತಿದೆ. ನಮ್ಮ ಮನೆಯ ನಲ್ಲಿಗಳು ಶೋಕಿಗೆ. ತಿರುಗಿಸಿದರೆ ಅಜ್ಜ ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದು ಬರುತ್ತದೆ. ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಟ್ಯಾಂಕರ್ ಬರುತ್ತದೆ. ಬಿಲ್ಡರ್ ಕಟ್ಟಿದ ನೆಲದ ಟಾಕಿ ಮೊದಲ ದಿನದಿಂದಲೇ ಸೋರುವುದರಿಂದ ನೀರನ್ನು ಅದರಲ್ಲಿ ಬಿಡುವ ಹಾಗಿಲ್ಲ. ಅದಕ್ಕೇ ಕೆಳಗೆ ಪಾರ್ಕಿಂಗಿನಲ್ಲಿ ಕಾರುಗಳ ಬದಲು ನೀಲಿ ಡ್ರಮ್ಮುಗಳು ನಿಂತಿವೆ, ಒಂದೊಂದರ ಹೊಟ್ಟೆಯ ಮೇಲೂ ಫ್ಲ್ಯಾಟ್ ನಂಬರು. ಟ್ಯಾಂಕರಿನ ಪೈಪು ಹಿಡಿದು ಅವುಗಳನ್ನು ತುಂಬಿಸಿಕೊಂಡು, ಆಮೇಲೆ ಬಕೆಟ್ಟಿನಲ್ಲಿ ಲಿಫ್ಟ್ ಹತ್ತಿಸಬೇಕು. ಲಿಫ್ಟಿನ ಕನ್ನಡಿಯಲ್ಲಿ ನಾನು ನನ್ನನ್ನು ಬಕೆಟ್ಟಿಲ್ಲದೆ ನೋಡಿದ್ದು ನೆನಪಿಲ್ಲ.

ಟ್ಯಾಂಕರು ಯಾರದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಸರಪಂಚನ, ಅಂದರೆ ಪಂಚಾಯತಿ ಅಧ್ಯಕ್ಷನ, ಹೆಂಡತಿಯ ತಮ್ಮನದ್ದು. ಇದನ್ನು ಯಾರೂ ಗುಟ್ಟಾಗಿ ಇಟ್ಟಿರಲಿಲ್ಲ. ಟ್ಯಾಂಕರಿನ ಹಿಂಭಾಗದಲ್ಲಿ ಭಾವನ ಫೋಟೋವನ್ನೇ ಅಂಟಿಸಿಕೊಂಡು ಅವನು ತಿರುಗುತ್ತಿದ್ದ. ಫೋಟೋದಲ್ಲಿ ಸರಪಂಚ ಎರಡೂ ಕೈ ಮುಗಿದಿದ್ದ. ಕೈಗಳ ಕೆಳಗೇ ನಲ್ಲಿ ಇತ್ತು.

ಇನ್ನು ಅವ್ವ. ನನ್ನ ಅವ್ವ ವಿಜಯಪುರದ ಕಡೆಯವಳು. ಮದುವೆಯಾಗಿ ವಿಕ್ರೋಳಿಯ ಒಂದು ಚಾಳಿನ ಕೋಣೆಗೆ ಬಂದಳು, ಅಪ್ಪ ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಈಗಲೂ ಇದ್ದಾನೆ. ಇಷ್ಟು ವರ್ಷದಲ್ಲಿ ಈ ಶಹರು ಅವಳನ್ನು ಕೇಳಿದ ಏಕೈಕ ಅಭಿಪ್ರಾಯ ಅಂದರೆ "ಆಂಟಿ, ನೆಕ್ಸ್ಟ್ ಸ್ಟೇಷನ್ ಇಳಿಯುತ್ತೀರಾ?" ಅವಳಿಗೆ ಮರಾಠಿ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಕಾಯಿಪಲ್ಲೆ ಕೊಳ್ಳುವಷ್ಟು ಇದೆ, ರಾಜಕಾರಣ ಮಾಡುವಷ್ಟಿಲ್ಲ. ಹೀಗಾಗಿ ನಾನು ಅವಳ ದುಭಾಷಿ. ಅವಳು ಒಂದು ಚಮಚ ಹೇಳಿದರೆ ನಾನು ಒಂದು ಬಕೆಟ್ ಹೇಳುತ್ತಿದ್ದೆ. ಕೇಳಿದವರು ನಗುತ್ತಿದ್ದರು, ಅವ್ವ ನನ್ನ ತೊಡೆ ಚಿವುಟುತ್ತಿದ್ದಳು.

ಒಂದು ಭಾನುವಾರ ಸರಪಂಚ ನಮ್ಮ ಬಿಲ್ಡಿಂಗಿಗೆ ಬಂದ. ಬಿಳಿ ಅಂಗಿ, ಮೆತ್ತನೆಯ ದನಿ, ಪ್ರತಿಯೊಬ್ಬರ ಊರು ಯಾವುದೆಂದು ನೆನಪಿಟ್ಟುಕೊಳ್ಳುವ ಅಭ್ಯಾಸ. ಪಂಚಾಯತಿಯ ನೀರಿನ ಸಮಿತಿಗೆ ಬಿಲ್ಡಿಂಗಿನಿಂದ ಒಬ್ಬರು ಬೇಕು, ಸಂಬಳವಿಲ್ಲ, ಸೇವೆ, ಎಂದ. ಅವನು ಮಾತಾಡಿದ್ದು ಮರಾಠಿಯಲ್ಲಿ, ನಾನು ಇಲ್ಲಿ ಬರೆಯುತ್ತಿರುವುದು ಕನ್ನಡದಲ್ಲಿ. ಸೇವೆ ಎಂಬ ಮಾತು ಬಂದ ಕೂಡಲೆ ಪಾರ್ಕಿಂಗಿನಲ್ಲಿದ್ದ ಗಂಡಸರೆಲ್ಲರ ಫೋನಿಗೂ ಒಮ್ಮೆಲೇ ಮುಖ್ಯವಾದ ಮೆಸೇಜು ಬಂತು. ಅಷ್ಟು ತಲೆಗಳು ಒಟ್ಟಿಗೆ ಬಗ್ಗಿದ್ದನ್ನು ನಾನು ದೇವಸ್ಥಾನದಲ್ಲೂ ಕಂಡಿಲ್ಲ.

ಚಹಾದ ತಾಟು ಹಿಡಿದು ನಿಂತಿದ್ದ ಅವ್ವ ನನ್ನ ಕಿವಿಯಲ್ಲಿ, "ಪೈಪ್ ಯಾವಾಗ ಬರ್ತದ ಅಂತ ಕೇಳ" ಎಂದಳು.

ನಾನು ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲಿ ಹೇಳಿದೆ: "ನಮ್ಮ ಅವ್ವ ಕೇಳ್ತಿದಾಳೆ, ಪೈಪು ನನ್ನ ಮದುವೆಗೆ ಮೊದಲು ಬರುತ್ತೋ, ನನ್ನ ಮೊಮ್ಮಕ್ಕಳ ಮದುವೆಗೋ ಅಂತ. ಊಟದ ಮೇಲೆ ಕೈ ತೊಳೆಯೋಕೆ ಎಷ್ಟು ಡ್ರಮ್ ಬೇಕು ಅಂತ ಲೆಕ್ಕ ಹಾಕಬೇಕಂತೆ."

ಎಲ್ಲರೂ ನಕ್ಕರು. ಸರಪಂಚ ಎಲ್ಲರಿಗಿಂತ ಹೆಚ್ಚು ನಕ್ಕ. ನಕ್ಕು ಮುಗಿಸಿ ಅವ್ವನ ಕಡೆ ತಿರುಗಿ ಕೈ ಮುಗಿದ, ಥೇಟು ಟ್ಯಾಂಕರಿನ ಫೋಟೋದ ಹಾಗೆ. "ತಾಈ, ನೀವೇ ಸಮಿತಿಗೆ ಬನ್ನಿ. ಕೇಳುವವರು ಬೇಕು ನಮಗೆ."

ತಾಈ ಅಂದರೆ ಅಕ್ಕ. ಅವ್ವ ತಾಟನ್ನು ಒಂದು ಡ್ರಮ್ಮಿನ ಮೇಲೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹೂಂ ಎಂದುಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಅವ ಕರದ, ನೀ ಹ್ವಾದಿ. ಯಾಕ ಕರದ ಅಂತ ವಿಚಾರ ಮಾಡೀಯೇನ?"

"ಕರೀಲಾರದವರು ಭಾಳ ಮಂದಿ ಅದಾರಲ್ಲ," ಎಂದಳು ಅವ್ವ. "ಒಬ್ಬಾಂವ ಕರದಾನ. ಹೋಗಿ ನೋಡೂಣಂತ."

ಸಮಿತಿಯ ಮೊದಲ ಸಭೆಯಲ್ಲಿ ಸರಪಂಚ ವಿಷಯ ಬಿಡಿಸಿ ಹೇಳಿದ. ಹೊಸ ಪೈಪಿಗೆ ಸರಕಾರದ ಮಂಜೂರಿ ಬಂದಿದೆ. ಆದರೆ ಒಂದೇ ಲೈನು. ಶಾಲೆಯ ರಸ್ತೆಯಲ್ಲಿ ಹಾಕಿದರೆ ನಮ್ಮ ಬಿಲ್ಡಿಂಗಿಗೂ ಹಳ್ಳಿಯ ಹಿಂದಿನ ಓಣಿಗೂ ನೀರು. ಕಲ್ಲುಗಣಿಯ ರಸ್ತೆಯಲ್ಲಿ ಹಾಕಿದರೆ ಅಲ್ಲಿ ಏಳಲಿರುವ ಹೊಸ ಟವರುಗಳಿಗೆ ನೀರು. ಟವರುಗಳು ಆಗಿನ್ನೂ ಬೋರ್ಡಿನಲ್ಲಿ ಮಾತ್ರ ಇದ್ದವು, ಬೋರ್ಡಿನಲ್ಲಿ ಈಜುಕೊಳವೂ ಇತ್ತು. ಯಾವ ರಸ್ತೆ ಎಂದು ಗ್ರಾಮಸಭೆ ತೀರ್ಮಾನಿಸುತ್ತದೆ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಬಂದು ಕೈ ಎತ್ತಬಹುದು, ನೂರು ಜನ ಸೇರಿದರೆ ಸಭೆ.

"ಆದರೆ ತಾಈ," ಎಂದ ಸರಪಂಚ, "ಹಳ್ಳಿಯವರು ನಿಮಗಾಗಿ ಯಾಕೆ ಕೈ ಎತ್ತುತ್ತಾರೆ? ಬಿಲ್ಡಿಂಗಿನವರು ನಮ್ಮವರಲ್ಲ ಅಂತಾರೆ. ಮೊದಲು ನೀವು ಇಲ್ಲಿಯವರು ಅಂತ ತೋರಿಸಿ. ದೇವಸ್ಥಾನದ ಬಾವಿ ಹೂಳು ತುಂಬಿದೆ. ಶ್ರಮದಾನ ಮಾಡಿ."

ಮಾತು ಸರಿಯಾಗಿಯೇ ಇತ್ತು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಅವನ ಒಂದು ಮಾತೂ ತಪ್ಪಿರಲಿಲ್ಲ.

ಅವ್ವ ಮನೆಮನೆ ತಿರುಗಿದಳು. ಜೊತೆಗೆ ಐದನೇ ಮಹಡಿಯ ಉಡುಪಿ ಆಂಟಿ. ಆಂಟಿಯ ಗಂಡ ಬಾಂದ್ರಾದಲ್ಲಿ ಹೋಟೆಲು ನಡೆಸುತ್ತಾರೆ, ನಾವು ಏಳುವ ಮೊದಲೇ ಹೋಗಿರುತ್ತಾರೆ, ನಾವು ಮಲಗಿದ ಮೇಲೆ ಬರುತ್ತಾರೆ. ಅವರು ನಿಜವಾಗಿ ಇದ್ದಾರೆ ಎನ್ನುವುದಕ್ಕೆ ಬಾಗಿಲಲ್ಲಿರುವ ಚಪ್ಪಲಿಯೊಂದೇ ಸಾಕ್ಷಿ. ಆಂಟಿ ಮಾತಿಗೆ ನಿಂತರೆ ಲಿಫ್ಟ್ ಮೇಲೆ ಕೆಳಗೆ ಮೂರು ಸಲ ಹೋಗಿಬರುತ್ತದೆ. "ಬಾವಿಗೆ ಇಳಿಯುದಾ? ನಾನು ಇಳಿದ್ರೆ ನೀರು ತನ್ನಷ್ಟಕ್ಕೇ ಮೇಲೆ ಬರ್ತದೆ ಮಾರಾಯ್ತಿ, ಪೈಪೇ ಬೇಡ," ಎಂದರು. ಆದರೂ ಬಂದರು, ಸಲ್ವಾರಿನ ಮೇಲೆ ಗಂಡನ ಹೋಟೆಲಿನ ಏಪ್ರನ್ ಕಟ್ಟಿಕೊಂಡು.

ಬಾವಿ ಮೆಟ್ಟಿಲಿರುವ ಹಳೆಯ ಕಲ್ಲಿನ ಬಾವಿ. ಬೇಸಿಗೆಯ ನಾಲ್ಕಾರು ಭಾನುವಾರ ನಮ್ಮ ಬಿಲ್ಡಿಂಗಿನ ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೆಸರಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಒಳಗಿಂದ ಏನೇನು ಬಂತು ಎಂದು ನಾನು ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ, ಅದಕ್ಕೇ ಅರ್ಧ ಮಾತ್ರ ಹೇಳುತ್ತೇನೆ: ಗಣಪತಿಯ ಒಂದು ಕಿವಿ, ಹೆಲ್ಮೆಟ್ಟು, ಒಂದಕ್ಕೊಂದು ಜೋಡಿಯಾಗದ ಚಪ್ಪಲಿಗಳು, ಕುಕ್ಕರಿನ ಮುಚ್ಚಳ, ಹೋದ ಚುನಾವಣೆಯ ಒಂದು ಬ್ಯಾನರು. ಬ್ಯಾನರಿನಲ್ಲಿ ಸರಪಂಚ ಕೈ ಮುಗಿದಿದ್ದ, ಮುಖ ಕೆಸರಾಗಿತ್ತು. ಅವ್ವ ಅದನ್ನು ತೊಳೆದು ಕಟ್ಟೆಯ ಮೇಲೆ ಒಣಹಾಕಿದಳು.

"ಅವ್ವ, ಇವನಿಗೆ ಸ್ನಾನ ಯಾಕೆ? ಫುಲ್ ವೇಸ್ಟ್ ಆಫ್ ವಾಟರ್," ಎಂದೆ.

"ಬಾಯಿ ಮುಚ್ಚ ಪೋರಿ. ಮನಶಾನ ಮಾರಿ ಐತಿ ಅದು."

ಮೊದಲ ಭಾನುವಾರ ಹಳ್ಳಿಯ ಹೆಂಗಸರು ಕಟ್ಟೆಯ ಮೇಲೆ ಕೂತು ನಮ್ಮನ್ನು ನೋಡಿದರು, ಸರ್ಕಸ್ಸಿಗೆ ಬಂದವರ ಹಾಗೆ. ಅವರಲ್ಲಿ ಒಬ್ಬ ಅಜ್ಜಿ ಇದ್ದಳು, ಎಲ್ಲರೂ ಆಜಿ ಎನ್ನುತ್ತಿದ್ದರು. ಒಂಬತ್ತು ಗಜದ ಸೀರೆ, ಬಾಯಲ್ಲಿ ತಂಬಾಕು, ಊರಿನ ಹಿಂದಿನ ಓಣಿ ಇಡೀ ಅವಳ ಮಾತಿಗೆ ಏಳುತ್ತದೆ, ಕೂರುತ್ತದೆ. ಅವಳು ಕೇಳಿದಳು, "ಫೋಟೋ ಯಾವಾಗ ತೆಗೆಯುತ್ತೀರಿ? ಫೋಟೋ ತೆಗೆದ ಮೇಲೆ ಹೋಗ್ತೀರಲ್ಲ, ನಮಗೆ ಬಟ್ಟೆ ಒಗೆಯಬೇಕು."

ನಾನು ಸೆಲ್ಫಿಗೆಂದು ಎತ್ತಿದ್ದ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿದೆ.

ಅವ್ವ ನನ್ನನ್ನು ಕಾಯದೆ ತನ್ನ ಮುರುಕು ಮರಾಠಿಯಲ್ಲೇ ಏನೋ ಹೇಳಿದಳು. "ಫೋಟೋ ಇಲ್ಲ. ನೀರು" ಎಂದಷ್ಟೇ ಅರ್ಥವಾಗುತ್ತಿತ್ತು. ಎರಡನೇ ಭಾನುವಾರ ಆಜಿಯ ಮನೆಯಿಂದ ಚಹಾ ಬಂತು. ಅದರ ಮುಂದಿನ ವಾರ ಹಳ್ಳಿಯ ಹೆಂಗಸರೂ ಮೆಟ್ಟಿಲಿಗೆ ಇಳಿದರು. ಉಡುಪಿ ಆಂಟಿಗೂ ಆಜಿಗೂ ಒಂದೇ ಒಂದು ಶಬ್ದ ಸಮಾನವಾಗಿರಲಿಲ್ಲ. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು, ಬಹುಶಃ ಅದಕ್ಕೇ ಜಗಳವಾಗಲಿಲ್ಲ. ಕೊನೆಯ ದಿನ ತಳದ ಕಲ್ಲಿನ ಸಂದಿಯಿಂದ ತಣ್ಣಗೆ ನೀರು ಜಿನುಗಿದಾಗ ಆಜಿ ಅದನ್ನು ಬೊಗಸೆಯಲ್ಲಿ ಹಿಡಿದು ಮೊದಲು ಅವ್ವನ ತಲೆಗೆ ಚಿಮುಕಿಸಿದಳು.

"ಸಭೆಗೆ ನಮ್ಮ ಓಣಿಯ ಎಲ್ಲರನ್ನೂ ಕರೆತರುತ್ತೇನೆ," ಎಂದಳು ಆಜಿ. "ಶಾಲೆಯ ರಸ್ತೆ. ನಿನ್ನವರು ಬರುತ್ತಾರಲ್ಲ?"

"ಬರ್ತಾರ," ಎಂದಳು ಅವ್ವ ಕನ್ನಡದಲ್ಲೇ. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಆಮೇಲಿನ ದಿನಗಳಲ್ಲಿ ಅವ್ವನ ನಡಿಗೆಯೇ ಬದಲಾಗಿತ್ತು. ಮೊದಲು ಲಿಫ್ಟಿನಲ್ಲಿ ಮೂಲೆ ಹಿಡಿದು ನಿಲ್ಲುತ್ತಿದ್ದವಳು ಈಗ ಬಟನ್ ಒತ್ತುವ ಜಾಗದಲ್ಲೇ ನಿಂತು "ಯಾವ ಮಾಳಗಿ?" ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಸೇರಿಸಿದಳು. ಬಿಲ್ಡಿಂಗಿನ ವಾಟ್ಸ್ಯಾಪ್ ಗುಂಪಿಗೆ ಅವಳ ಪರವಾಗಿ ನಾನು ಬರೆದ ಮೆಸೇಜುಗಳು ಸಿನಿಮಾ ಟ್ರೇಲರಿನ ಹಾಗಿದ್ದವು. "ಈ ಭಾನುವಾರ. ಒಂದು ಪೈಪು. ಎರಡು ರಸ್ತೆ. ನಿಮ್ಮ ಕೈಯಲ್ಲಿ ನಿಮ್ಮ ಸ್ನಾನ." ಎಲ್ಲರೂ ಹೆಬ್ಬೆರಳು ಒತ್ತಿದರು. ಅಷ್ಟು ಹೆಬ್ಬೆರಳುಗಳನ್ನು ಕಂಡು ಅವ್ವ ಕೇಳಿದಳು, "ಅಂದ್ರ ಬರ್ತಾರಂತ ಅಲ್ಲ?"

"ಹಂಡ್ರೆಡ್ ಪರ್ಸೆಂಟ್ ಅವ್ವ. ಕುರ್ಚಿ ಸಾಲೂದಿಲ್ಲ, ನೋಡ್ತಿರು."

ಬರುವವರಿದ್ದರು. ಈ ಮಾತನ್ನು ನಾನು ಎಳೆದು ಹೇಳುತ್ತಿಲ್ಲ. ಆ ಭಾನುವಾರ ಬೆಳಿಗ್ಗೆ ಉಡುಪಿ ಆಂಟಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಏಳನೇ ಮಹಡಿಯಿಂದ ಒಂದೊಂದೇ ಮನೆಯ ಬೆಲ್ಲು ಒತ್ತುತ್ತ ಇಳಿಯುತ್ತಿದ್ದುದನ್ನು ನಾನೇ ಕಂಡೆ. ಅವ್ವನೂ ನಾನೂ ಕುರ್ಚಿ ಹಾಕಿಸಲೆಂದು ಮೊದಲೇ ದೇವಸ್ಥಾನಕ್ಕೆ ಹೋದೆವು.

ದೇವಸ್ಥಾನದ ಮುಂದಿನ ತಗಡಿನ ಚಪ್ಪರದಲ್ಲಿ ಸಭೆ. ಮೊದಲು ಬಂದವಳು ಆಜಿ. ಮೊಣಕಾಲು ನೋವಿಗೆ ಬಟ್ಟೆ ಬಿಗಿದುಕೊಂಡು, ಹಿಂದೆ ತನ್ನ ಓಣಿಯ ಮೂವತ್ತು ನಲವತ್ತು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಎಲ್ಲರೂ ಎಡಗಡೆ ಕೂತರು. ಬಲಗಡೆ ನಮ್ಮವರಿಗೆಂದು ಬಿಟ್ಟ ಜಾಗ.

ಆಗ ಹಾರ್ನು ಕೇಳಿಸಿತು.

ಆ ಹಾರ್ನು ನಮಗೆ ಗೊತ್ತು. ಸತ್ತವರೂ ಬಕೆಟ್ ಹಿಡಿದು ಏಳುವಂಥ ಹಾರ್ನು. ಆದರೆ ಅದು ಸೋಮವಾರದ, ಗುರುವಾರದ ಹಾರ್ನು. ಭಾನುವಾರ ಅದನ್ನು ಯಾರೂ ಕೇಳಿರಲಿಲ್ಲ. ಚಪ್ಪರದಿಂದ ಹುಲ್ಲಿನ ಬಯಲು ದಾಟಿ ನೋಡಿದರೆ ನಮ್ಮ ಬಿಲ್ಡಿಂಗು ಪೂರ್ತಿ ಕಾಣುತ್ತದೆ. ಗೇಟಿನಿಂದ ಟ್ಯಾಂಕರು ಒಳಗೆ ಹೋಗುತ್ತಿತ್ತು. ಅದರ ಹಿಂದೆ ಇನ್ನೊಂದು. ಸಭೆಗೆಂದು ಕೆಳಗಿಳಿದಿದ್ದ ಜನ, ಅಷ್ಟು ದೂರದಿಂದ ಇರುವೆಗಳ ಹಾಗೆ, ಗೇಟಿನ ಕಡೆಗೆ ಬರುತ್ತಿದ್ದವರು ಅಲ್ಲೇ ತಿರುಗಿದರು. ಬಣ್ಣ ಬಣ್ಣದ ಸೀರೆಗಳು ನೀಲಿ ಡ್ರಮ್ಮುಗಳ ಹತ್ತಿರ ಸಾಲಾದವು.

ನನ್ನ ಫೋನಿನಲ್ಲಿ ಗುಂಪಿನ ಮೆಸೇಜು ಬಂತು: ಗ್ರಾಮಸಭೆಯ ಶುಭಸಂದರ್ಭದಲ್ಲಿ ಸರಪಂಚರಿಂದ ಬಿಲ್ಡಿಂಗಿನ ಅಕ್ಕತಂಗಿಯರಿಗೆ ಪುಕ್ಕಟೆ ನೀರು. ಕೆಳಗೆ ಹೆಬ್ಬೆರಳುಗಳ ಜಾತ್ರೆ. ಕೆಲವರು ಗುಲಾಬಿ ಹೂವನ್ನೂ ಹಾಕಿದ್ದರು.

ಸರಪಂಚ ಮೈಕಿನ ಮುಂದೆ ಬಂದ. ತಲೆ ಎಣಿಸಿದ ಹಾಗೆ ಮಾಡಿದ. "ಕೋರಂ ಇಲ್ಲ," ಎಂದ, ಅವನಿಗೇ ಬಹಳ ನೋವಾದ ಹಾಗೆ. "ನೂರು ಜನ ಬೇಕು."

ಅವ್ವ ಎದ್ದು ನಿಂತಳು. ನಾನು ಅವಳ ಪಕ್ಕಕ್ಕೆ ಹೋಗುವ ಮೊದಲೇ ಅವಳ ಮರಾಠಿ ಹೊರಟುಬಿಟ್ಟಿತ್ತು, ಅರ್ಧ ದಾರಿಯಲ್ಲಿ ಕನ್ನಡವೂ ಬಂದು ಸೇರಿಕೊಂಡಿತ್ತು. "ನೂರು ಮಂದಿ ಅಲ್ಲೇ ಅದಾರಲ್ಲ್ರೀ. ಕಾಣ್ತಾರಲ್ಲ. ಅಲ್ಲೇ ಎಣಸ್ರಿ. ಕೈಯೂ ಎತ್ತ್ಯಾರ ನೋಡ್ರಿ, ಪೈಪ್ ಹಿಡಿಲಿಕ್ಕೆ."

ನಾನು ಅದನ್ನು ಮರಾಠಿಗೆ ತಂದೆ. ಒಂದು ಅಕ್ಷರವನ್ನೂ ಹೆಚ್ಚು ಸೇರಿಸಲಿಲ್ಲ. ಆದರೂ ಚಪ್ಪರದಲ್ಲಿ ನಗು ಎದ್ದಿತು. ಅಷ್ಟು ಚಂದದ ನಗು ನಾನು ಹುಟ್ಟಿಸದೆ ಬಂದದ್ದು ಅದೇ ಮೊದಲು.

"ನಿಯಮ ಇದೆ ತಾಈ," ಎಂದ ಸರಪಂಚ. "ಚಪ್ಪರದ ನೆರಳಲ್ಲಿ ಇದ್ದವರೇ ಲೆಕ್ಕಕ್ಕೆ. ನೋಡಿ, ನಾವು ಬಿಲ್ಡಿಂಗಿನವರಿಗೆ ನೀರು ಕಳಿಸಿದೆವು, ಅವರಿಗೆ ಹಳ್ಳಿಯ ಕೆಲಸಕ್ಕೆ ಪುರುಸೊತ್ತಿಲ್ಲ. ನಾನೇನು ಮಾಡಲಿ? ಸಭೆ ತಹಕೂಬ್."

ತಹಕೂಬ್ ಅಂದರೆ ಮುಂದೂಡಿದ್ದು. ಸ್ವಲ್ಪ ಹೊತ್ತು ಬಿಟ್ಟು ಇದೇ ಜಾಗದಲ್ಲಿ ಮತ್ತೆ ಕೂಡುತ್ತದೆ ಎಂದ. ಮತ್ತೆ ಕೂಡುವ ಸಭೆಗೆ ನೂರು ಜನ ಬೇಕಿಲ್ಲ ಎಂದೂ ಹೇಳಿದ. ಕಾನೂನು ಹಾಗೇ ಇದೆಯಂತೆ. ಮೊದಲ ಸಭೆಗೆ ಜನ ಬೇಕು, ಜನ ಬರದಿದ್ದರೆ ಎರಡನೇ ಸಭೆಗೆ ಜನ ಬೇಡ. ದೇವಸ್ಥಾನದ ಎಮ್ಮೆ ಬಂದು ನಿಂತು ಬಾಲ ಎತ್ತಿದರೂ ನಿರ್ಣಯ ಪಾಸು.

ಆಜಿ ಎರಡೂ ಕೈ ಮೊಣಕಾಲಿಗೂರಿ ಎದ್ದಳು. "ನಿನ್ನ ಮಾತಿಗೆ ನಾನು ಈ ಕಾಲು ಎಳೆದುಕೊಂಡು ಬಂದೆ," ಎಂದಳು ಅವ್ವನಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ಚೆನ್ನಾಗಿತ್ತು. "ನಿನ್ನ ಮಾತಿಗೆ ನಿನ್ನವರೇ ಬರಲಿಲ್ಲ."

"ಆಜಿ, ಥಾಂಬಾ," ಎಂದಳು ಅವ್ವ. ನಿಲ್ಲು ಎಂದು. "ಕರಕೊಂಡ ಬರ್ತೀನಿ. ಈಗ ಬರ್ತೀನಿ."

ನಾವು ಬಯಲಿನಲ್ಲೇ ಓಡಿದೆವು. ಅವ್ವ ಓಡಿದ್ದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಬಿಡುವ ಲೋಕಲ್ಲಿಗೂ ಅವಳು ಓಡಿದವಳಲ್ಲ, ಇನ್ನೊಂದು ಬರ್ತದ ಎನ್ನುವವಳು. ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಪಾರ್ಕಿಂಗಿನಲ್ಲಿ ಹಬ್ಬ. ಎರಡು ಪೈಪು, ನಡುವೆ ಜಗಳ, ನೆಲವೆಲ್ಲ ಒದ್ದೆ. ಉಡುಪಿ ಆಂಟಿ ಇಸ್ತ್ರಿಯ ಸೀರೆಯನ್ನು ಮೊಣಕಾಲಿನ ತನಕ ಎತ್ತಿಕೊಂಡು ಪೈಪಿನ ಬಾಯಿ ಹಿಡಿದಿದ್ದರು. ಮಲ್ಲಿಗೆ ಒಂದು ಕಿವಿಯ ಮೇಲೆ ಜೋತಿತ್ತು.

"ಹತ್ತು ನಿಮಿಷ ಬರ್ರೀ," ಎಂದಳು ಅವ್ವ ಏದುಸಿರಿನಲ್ಲಿ. "ಹತ್ತ ನಿಮಿಷ. ಕೈ ಎತ್ತಿ ಬಂದಬಿಡೂಣು. ಮತ್ತ ಸಭೆ ಐತಿ."

"ಬರ್ತೇನೆ ಅಕ್ಕ, ಬರ್ತೇನೆ. ಇದೊಂದು ಡ್ರಮ್ಮು. ಪೈಪು ಬಿಟ್ರೆ ಎರಡನೇ ಮಾಳಿಗೆಯವ್ರು ಎಳೀತಾರೆ, ಗೊತ್ತುಂಟಲ್ಲ ನಿಮ್ಗೆ."

"ಪೈಪ್ ಬಂದ್ರ ಡ್ರಮ್ಮ ಯಾಕ ಬೇಕ್ರಿ?"

"ಪೈಪು ಬರುದು ಯಾವಾಗಲೋ, ಅಕ್ಕ. ನಾಳೆ ಬೆಳಿಗ್ಗೆ ಮಕ್ಕಳ ಶಾಲೆ ಉಂಟಲ್ಲ."

ಅವ್ವ ಮೂವರ ಕೈ ಹಿಡಿದು ಎಳೆದಳು. ಒಬ್ಬೊಬ್ಬರೂ ಬಂದೆ ಬಂದೆ ಎಂದರು. ಆ ಮಾತು ಹೇಳಿದಾಗ ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಎಲ್ಲರಿಗೂ ಒಂದೇ ಒಂದು ಡ್ರಮ್ಮು ಬಾಕಿಯಿತ್ತು. ನಾನು ಟ್ಯಾಂಕರಿನ ಮೇಲೆ ಹತ್ತಿ ಭಾಷಣ ಬಿಡಬೇಕೆಂದಿದ್ದೆ, ಬಾಯಿ ತೆರೆದೆ. "ಸುನೋ" ಎಂದೆ. ಯಾರೋ ಕೆಳಗಿನಿಂದ "ಬೇಟಾ, ಇಳಿ, ನೆರಳು ಬೀಳ್ತಿದೆ, ಡ್ರಮ್ ತುಂಬಿತೋ ಇಲ್ಲವೋ ಕಾಣ್ತಿಲ್ಲ" ಎಂದರು. ಇಳಿದೆ.

ನಾವಿಬ್ಬರೇ ವಾಪಸು ಬಂದೆವು. ಚಪ್ಪರದಲ್ಲಿ ಎಡಗಡೆ ಖಾಲಿ. ಆಜಿಯೂ ಅವಳ ಓಣಿಯೂ ಹೋಗಿದ್ದವು. ಬಲಗಡೆ, ನಮ್ಮವರಿಗೆಂದು ಬಿಟ್ಟ ಜಾಗದಲ್ಲಿ, ಇಷ್ಟು ಹೊತ್ತು ಪಾನ್ ಅಂಗಡಿಯ ಹತ್ತಿರ ಬೈಕಿನ ಮೇಲೆ ಕೂತಿದ್ದ ಹುಡುಗರು ಕೂತಿದ್ದರು. ಸರಪಂಚ ಮೈಕಿನ ವೈರು ಸುತ್ತುತ್ತಿದ್ದ. ಪೈಪು ಕಲ್ಲುಗಣಿಯ ರಸ್ತೆಗೆ. ಎಲ್ಲರ ಒಪ್ಪಿಗೆಯಿಂದ.

"ತಾಈ, ನೀವು ಬಹಳ ಕೆಲಸ ಮಾಡಿದಿರಿ," ಎಂದ ಅವನು. "ನಿಮ್ಮಂಥವರು ಇನ್ನೂ ಬೇಕು ನಮಗೆ." ಮತ್ತೆ ಕೈ ಮುಗಿದ.

ಅವ್ವನೂ ಕೈ ಮುಗಿದಳು. ರೂಢಿ ಬಿಡುವುದಿಲ್ಲ. ಆಮೇಲೆ ತನ್ನ ಕೈಯನ್ನೇ ಒಂದು ಗಳಿಗೆ ನೋಡಿಕೊಂಡಳು.

ಮನೆಗೆ ಬರುವಾಗ ಟ್ಯಾಂಕರುಗಳು ಹೋಗಿದ್ದವು. ನಮ್ಮ ಡ್ರಮ್ಮು ಖಾಲಿ ಇರುತ್ತದೆ, ಗುರುವಾರದ ನೀರು ತಳ ಸೇರಿದೆ, ನಾಳೆ ಟ್ಯಾಂಕರು ಬರುವ ಮೊದಲೇ ನಾನು ಸ್ನಾನವಿಲ್ಲದೆ ಹೋಗಿ ಕಾಲೇಜಿನಲ್ಲಿ ಹೊಸ ಫ್ಯಾಶನ್ ಶುರುಮಾಡಬೇಕು ಎಂದುಕೊಂಡೆ. ಪಾರ್ಕಿಂಗಿನಲ್ಲಿ ನೋಡಿದರೆ ನಮ್ಮ ಡ್ರಮ್ಮು ಅಂಚಿನ ತನಕ ತುಂಬಿತ್ತು. ಪಕ್ಕದಲ್ಲಿ ಯಾರದೋ ಮನೆಯ ದೊಡ್ಡ ಹಂಡೆಯನ್ನೂ ತಂದಿಟ್ಟು ಅದನ್ನೂ ತುಂಬಿಸಿದ್ದರು, ಮೇಲೆ ತಟ್ಟೆ ಮುಚ್ಚಿದ್ದರು, ಧೂಳು ಬೀಳದಿರಲೆಂದು.

"ನಿಮ್ದೇ ಮೊದಲು ತುಂಬ್ಸಿದ್ದು ಅಕ್ಕ," ಎಂದರು ಉಡುಪಿ ಆಂಟಿ. ಸೀರೆ ಹಿಂಡುತ್ತ ಮೆಟ್ಟಿಲ ಮೇಲೆ ಕೂತಿದ್ದರು. "ನಾನೇ ಹೇಳಿದೆ ಎಲ್ಲರಿಗೆ. ಅವ್ರು ನಮ್ಗೋಸ್ಕರ ಅಲ್ಲಿ ಬಿಸಿಲಲ್ಲಿ ಕೂತಿದಾರೆ, ಅವ್ರದ್ದು ಮೊದಲು ಆಗ್ಬೇಕು ಅಂತ. ಎರಡನೇ ಮಾಳಿಗೆಯವ್ರ ಹತ್ರ ಜಗಳ ಆಡಿ ತುಂಬ್ಸಿದ್ದು."

ಅವ್ವ ತಟ್ಟೆ ಸರಿಸಿ ನೀರನ್ನು ನೋಡಿದಳು. ಅವಳು ಬೈದರೆ ಸಾಕಿತ್ತು ಎಂದು ನಾನು ಕಾದೆ. ಆಂಟಿಯೂ ಬಹುಶಃ ಅದನ್ನೇ ಕಾಯುತ್ತ, ಹಿಂಡಿ ಮುಗಿದ ಸೆರಗನ್ನೇ ಮತ್ತೆ ಹಿಂಡಿದರು.

"ಎಂತ ಆಯ್ತು ಅಲ್ಲಿ?" ಎಂದು ಕೊನೆಗೆ ಕೇಳಿದರು.

"ಮುಗೀತು," ಎಂದಳು ಅವ್ವ. "ಚಾ ಕುಡೀಲಿಕ್ಕೆ ಬರ್ರಿ. ನೀರು ನಿಮ್ಮವೇ."

ಆಂಟಿ ಬರಲಿಲ್ಲ. ಆ ದಿನವಷ್ಟೇ ಅಲ್ಲ, ಆಮೇಲೂ.

ಮಳೆಗಾಲ ಮುಗಿದ ಮೇಲೆ ಕಲ್ಲುಗಣಿಯ ರಸ್ತೆಯಲ್ಲಿ ಅಗೆದರು. ಕಾಲೇಜಿಗೆ ಹೋಗುವ ರಿಕ್ಷಾ ಅದೇ ದಾರಿಯಲ್ಲಿ ಹೋಗುವುದರಿಂದ ನೀಲಿ ಪೈಪುಗಳು ಬೋರ್ಡಿನ ಈಜುಕೊಳದ ಕಡೆಗೆ ದಿನಾ ಒಂದಿಷ್ಟು ಮುಂದೆ ಹೋಗುವುದನ್ನು ನಾನು ನೋಡಿದೆ. ಬಾವಿಯಲ್ಲಿ ಮೊದಲು ಒಂದು ತಿಂಡಿಯ ಪೊಟ್ಟಣ ಬಿತ್ತು. ಯಾರೂ ತೆಗೆಯಲಿಲ್ಲ. ನಮ್ಮವರು ತೆಗೆಯಲಿ ಎಂದು ಹಳ್ಳಿಯವರು, ಅವರದ್ದೇ ಬಾವಿ ಎಂದು ನಮ್ಮವರು. ಗಣಪತಿ ಹಬ್ಬವಾದ ಮೇಲೆ ಮತ್ತೆ ಕಿವಿಗಳು ಬಂದವು. ಆಜಿ ದಾರಿಯಲ್ಲಿ ಎದುರಾದರೆ ಅವ್ವನನ್ನು ಕಂಡರೂ ಕಾಣದ ಹಾಗೆ ತಂಬಾಕು ಉಗುಳಲು ಆ ಕಡೆ ತಿರುಗುತ್ತಾಳೆ. ಹಳ್ಳಿಯಲ್ಲಿ ಇದಕ್ಕಿಂತ ಮರ್ಯಾದೆಯಾಗಿ ಯಾರೂ ಯಾರನ್ನೂ ಬಿಡುವುದಿಲ್ಲ.

ಪಂಚಾಯತಿ ಕಚೇರಿಯ ಗೋಡೆಯ ಮೇಲೆ ನೀರಿನ ಸಮಿತಿಯ ಸದಸ್ಯರ ಹೆಸರು ಬರೆಸಿದ್ದಾರೆ. ಅವ್ವನ ಹೆಸರೂ ಇದೆ, ಕೆಂಪು ಬಣ್ಣದಲ್ಲಿ, ದೊಡ್ಡದಾಗಿ. ನಾನು ಫೋಟೋ ತೆಗೆದು ತೋರಿಸಿದೆ.

"ಫೇಮಸ್ ಆದಿ ಅವ್ವ," ಎಂದೆ. "ಆಟೋಗ್ರಾಫ್ ಕೊಡು."

ಅವಳು ಫೋಟೋವನ್ನು ಬಹಳ ಹೊತ್ತು ನೋಡಲಿಲ್ಲ. "ಅಳಸಿ ಬಿಡು" ಎಂದಳು. ಫೋನಿನಿಂದ ಅಳಿಸಿದೆ. ಗೋಡೆಯದು ಹಾಗೇ ಇದೆ.

ಚಳಿಗಾಲದಲ್ಲಿ ಮತ್ತೆ ಗ್ರಾಮಸಭೆ ಬಂತು. ಈ ಸಲ ಯಾವ ವಿಷಯಕ್ಕೆ ಎಂದು ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಭಾನುವಾರ ಬೆಳಿಗ್ಗೆ ಹಾರ್ನು ಆಯಿತು. ಎಲ್ಲರಿಗೂ ಈಗ ಅದು ರೂಢಿ, ಸಭೆಯ ದಿನ ಪುಕ್ಕಟೆ ನೀರು. ನಾನು ಹಲ್ಲುಜ್ಜುತ್ತ ಕೆಳಗೆ ಬಂದು ನೋಡಿದರೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅವ್ವ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಬಯಲಿನಲ್ಲಿ ಓಡಿದ ದಿನದ ಹಾಗೆ. ಬಯಲಿನ ಆಚೆ ತಗಡಿನ ಚಪ್ಪರದಲ್ಲಿ ಕುರ್ಚಿ ಹಾಕುತ್ತಿದ್ದರು.

"ಅವ್ವ, ಇವತ್ತ ಸಭೆ ಐತಿ," ಎಂದೆ.

"ಗೊತ್ತದ," ಎಂದಳು, ತಲೆ ಎತ್ತದೆ. "ಬಾ ಇಲ್ಲಿ. ಈ ತುದಿ ಗಟ್ಟಿ ಹಿಡಿ, ಚೆಲ್ಲತದ."